ಎಡಹೊಟ್ಟೆ, ಬಲಹೊಟ್ಟೆ

ಮಾರ್ಚ್ ೩

ಅಚ್ಚುಕೂಟದ ಯಜಮಾನರಿಗೆ,

ಕೈಬರಹ ಯಾರದೆಂದು ತಲೆ ಕೆರೆದುಕೊಳ್ಳಬೇಡಿ. ನಾನು ಕನ್ನಡಕದಂಗಡಿಯವರ ಹೆಂಡತಿ, ಹೊಲಿಗೆಯವಳು. ಅವರು ತೀರಿಕೊಂಡು ಐದು ತಿಂಗಳಾಯಿತು. ನಿಮಗೆ ಸುದ್ದಿ ಮುಟ್ಟಿತ್ತು, ನೀವು ಬರಲಿಲ್ಲ. ಅದನ್ನು ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ.

ವಿಷಯ ಇಷ್ಟು. ಅವರು ಕಲೆಹಾಕಿದ ಗೋಡೆ ಗಡಿಯಾರಗಳು ಒಟ್ಟು ಮೂವತ್ತೊಂದು ಇವೆ. ಎಲ್ಲವೂ ಐವತ್ತು ಅರವತ್ತರ ದಶಕದವು. ಸೂರ್ಯನ ಕಿರಣದ ಹಾಗೆ ಸುತ್ತಲೂ ಕಡ್ಡಿ ಚಾಚಿದವು, ಪಿಂಗಾಣಿ ತಟ್ಟೆಯಂಥವು, ಅಂಕಿಯೇ ಇಲ್ಲದ ಬೋಳುಮುಖದವು. ನಿಮಗೆ ನಾನು ವರ್ಣಿಸಬೇಕಿಲ್ಲ, ಅರ್ಧದಷ್ಟನ್ನು ನೀವೂ ಅವರೂ ಜೊತೆಯಾಗಿಯೇ ಅಲೆದು ತಂದವರು. ಊರಿನ ವಸ್ತುಸಂಗ್ರಹಾಲಯದಾಕೆ ಬಂದು ನೋಡಿದಳು. ಬೇಸಿಗೆ ಕಳೆದ ಮೇಲೆ ಎಲ್ಲವನ್ನೂ ಒಂದು ಕೋಣೆಯಲ್ಲಿ ತೂಗುಹಾಕುತ್ತಾಳಂತೆ. ಪ್ರತಿಯೊಂದರ ಕೆಳಗೂ ಒಂದು ಚೀಟಿ ಬೇಕಂತೆ: ಮಾಡಿದವರು ಯಾರು, ವಿನ್ಯಾಸ ಯಾರದು, ಯಾವ ವರ್ಷದ್ದು. ಇವರ ನೋಟುಪುಸ್ತಕದಲ್ಲಿ ಮೂವತ್ತಕ್ಕೆ ಉತ್ತರ ಇದೆ. ಹತ್ತೊಂಬತ್ತನೆಯದರ ಎದುರಿಗೆ ಮಾತ್ರ ಖಾಲಿ.

ಹತ್ತೊಂಬತ್ತು ಯಾವುದೆಂದು ನಿಮಗೆ ಗೊತ್ತು. ತೇಗದ ಪದರ ಅಂಟಿಸಿದ ಹಲಗೆಯದು, ಬಲಗಡೆ ನೇರ, ಎಡಗಡೆ ಹೊಟ್ಟೆ ಬಂದಂತೆ ಉಬ್ಬಿದ್ದು, ಗಂಟೆಗಳ ಜಾಗದಲ್ಲಿ ಹನ್ನೆರಡು ಹಿತ್ತಾಳೆ ಗೂಟ. ದಂತವೈದ್ಯರೊಬ್ಬರು ದವಾಖಾನೆ ಮುಚ್ಚಿದಾಗ ಅವರ ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ಇದ್ದ ಎರಡು ಗಡಿಯಾರಗಳನ್ನು ಇವರು ತಂದರು. ಎಡಹೊಟ್ಟೆಯದನ್ನು ಇಟ್ಟುಕೊಂಡು, ನಿಮ್ಮ ಅಚ್ಚುಕೂಟ ಹೊಸ ಕಟ್ಟಡಕ್ಕೆ ಹೋದ ದಿನ ಬಲಹೊಟ್ಟೆಯದನ್ನು ನಿಮಗೆ ಉಡುಗೊರೆ ಕೊಟ್ಟರು. ಒಂದು ವರ್ಷದ ನಂತರ ನೀವು ನಮ್ಮ ಹಜಾರದಲ್ಲಿ ನಿಂತು, ನಾನು ಕೇಳುವಂತೆ ಹೇಳಿದಿರಿ: "ಅಸಲಿದ್ದನ್ನ ನೀನಿಟ್ಕೊಂಡು ನಕಲಿಯನ್ನ ನನಗೆ ಕೊಟ್ಟೆ. ಕೊಡೋವಾಗ್ಲೇ ನಿಂಗೆ ಗೊತ್ತಿತ್ತು."

ಇವರು ತುಟಿ ಪಿಟಕ್ಕೆನ್ನಲಿಲ್ಲ. ನೀವು ಚಪ್ಪಲಿ ಮೆಟ್ಟಿ ಹೋದವರು ಹನ್ನೊಂದು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಈಗ ಆ ಚೀಟಿಯಲ್ಲಿ ಏನು ಬರೆಯಲಿ? ಚೀಟಿಯ ಮಾತು ಒಂದು ನೆಪ ಅಂದುಕೊಂಡರೂ ಸರಿಯೇ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ತನ್ನ ಗಂಡ ಗೆಳೆಯನಿಗೆ ಮೋಸ ಮಾಡಿದ್ದನೋ ಇಲ್ಲವೋ ತಿಳಿಯಬೇಕು. ಮಾಡಿದ್ದರೆ ಮಾಡಿದ್ದ ಎಂದು ತಿಳಿಯಲಿ. ನಿಮ್ಮ ಹತ್ತಿರ ಏನು ಪುರಾವೆ ಇತ್ತು, ಬರೆದು ತಿಳಿಸಿ.

ಇತಿ,
ನಿಮ್ಮ ಹಳೇ ಗೆಳೆಯನ ಹೆಂಡತಿ

*

ಮಾರ್ಚ್ ೨೯

ಮಾನ್ಯರೇ,

ತಮ್ಮ ಪತ್ರ ತಲುಪಿತು. ಉತ್ತರಕ್ಕೆ ತಡವಾಯಿತು, ಕ್ಷಮಿಸಬೇಕು. ನಾನು ಬರಬೇಕಿತ್ತು, ಬರಲಿಲ್ಲ. ಕಾರಣ ಬರೆಯಲು ಕೂತು ಎರಡು ಹಾಳೆ ಹರಿದೆ. ಆದ್ದರಿಂದ ತಾವು ಕೇಳಿದ್ದಕ್ಕಷ್ಟೇ ಉತ್ತರಿಸುತ್ತೇನೆ.

ಆ ಗಡಿಯಾರದ ಮೇಲೆ ಕಂಪನಿಯ ಮುದ್ರೆ ಇಲ್ಲ. ಮುದ್ರೆ ಇಲ್ಲದಿದ್ದಾಗ ನಾವು ಸಂಗ್ರಹಕಾರರು ಬೇರೆ ಸಾಕ್ಷಿ ಹುಡುಕುತ್ತೇವೆ. ಮುಳ್ಳಿನ ಆಕಾರ ಯಾವ ಕಾರ್ಖಾನೆಯದು, ತಿರುಪಿನ ತಲೆಯಲ್ಲಿ ಒಂದು ಗೀರೋ ಎರಡೋ, ಯಂತ್ರದ ಮೇಲೆ ಇಸವಿ ಒತ್ತಿದ್ದಾರೋ ಇಲ್ಲವೋ. ಇವೆಲ್ಲ ನಿಮ್ಮದರಲ್ಲೂ ನನ್ನದರಲ್ಲೂ ಒಂದೇ. ಉಳಿದದ್ದು ಹಲಗೆಯ ಆಕಾರ.

ನನ್ನ ಬಳಿ ಆ ಕಾರ್ಖಾನೆಯ ಹಳೆಯ ಕ್ಯಾಟಲಾಗ್ ಇದೆ. ಅದರ ಒಂಬತ್ತನೇ ಪುಟದಲ್ಲಿ ಇದೇ ಗಡಿಯಾರದ ಛಾಯಾಚಿತ್ರ ಇದೆ. ವಿನ್ಯಾಸ ಯಾರದೆಂದೂ ಹಾಕಿದ್ದಾರೆ: ನಮ್ಮ ವಲಯದಲ್ಲಿ ಎಲ್ಲರೂ 'ಶಿಲ್ಪಿ' ಎಂದು ಕರೆಯುವ ಮಹಾಶಯನದು. ಚಿತ್ರದಲ್ಲಿ ಹೊಟ್ಟೆ ಎಡಕ್ಕಿದೆ. ಅಂದರೆ ನಿಮ್ಮ ಗೋಡೆಯ ಮೇಲಿರುವುದು ಅಸಲಿ.

ಬಲಹೊಟ್ಟೆಯದು ಹೇಗೆ ಹುಟ್ಟಿತು? ಮೂವತ್ತು ವರ್ಷ ಅಚ್ಚಿನ ಕೆಲಸ ಮಾಡಿದವನಿಗೆ ಅದು ಕಷ್ಟದ ಪ್ರಶ್ನೆಯಲ್ಲ. ನೆಗೆಟಿವ್ ತಿರುವಿಟ್ಟರೆ ಚಿತ್ರದ ಎಡ ಬಲವಾಗುತ್ತದೆ. ಹಾಗೆ ತಿರುವಿದ ಯಾವುದೋ ಚಿತ್ರ ನೋಡಿ ಯಾರೋ ನಕಲು ಕತ್ತರಿಸಿದ್ದಾರೆ. ಇದು ನನ್ನ ತೀರ್ಮಾನ, ಇವತ್ತಿಗೂ ಅದೇ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ತಮ್ಮ ಯಜಮಾನರು. ಆರಿಸಿದವರೂ ಅವರೇ. ಆ ಕ್ಯಾಟಲಾಗನ್ನು ಅದಕ್ಕೂ ಎರಡು ವರ್ಷ ಮೊದಲೇ ನನ್ನ ಮೇಜಿನ ಮೇಲೆ ಅವರು ಪುಟ ಪುಟ ತಿರುಗಿಸಿ ನೋಡಿದ್ದರು. ಇನ್ನು ಮುಂದೆ ತಾವೇ ಊಹಿಸಿಕೊಳ್ಳಬಹುದು.

ಗೌರವಗಳೊಂದಿಗೆ,
ಅಚ್ಚುಕೂಟದವನು

*

ಏಪ್ರಿಲ್ ೪

'ಮಾನ್ಯರೇ' ಎಂದು ಬರೆದವರಿಗೆ,

ಇಪ್ಪತ್ತು ವರ್ಷ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಎರಡು ಲೋಟ ಚಹಾ ಕುಡಿದು, "ಅತ್ತಿಗೆ, ಇನ್ನರ್ಧ ಲೋಟ ಇದ್ರೆ ನೋಡಿ" ಅನ್ನುತ್ತಿದ್ದವರು ನೀವು. ಈಗ ನಾನು ಮಾನ್ಯಳಾದೆ. ಆಗಲಿ, ನನಗೇನು ನಷ್ಟ.

ನಿಮ್ಮ ಪುರಾವೆ ಓದಿದೆ. ಒಪ್ಪಿಕೊಳ್ಳುವ ಹಾಗಿದೆ. ಆದರೆ ನಾನು ಯಾರದೋ ಮಾತಿನ ಮೇಲೆ ಬಟ್ಟೆ ಕತ್ತರಿಸಿದವಳಲ್ಲ, ಅಳತೆ ನಾನೇ ತೆಗೆಯಬೇಕು. ಆ ಒಂಬತ್ತನೇ ಪುಟದ ನಕಲೊಂದನ್ನು ಕಳಿಸಿ. ಹಾಗೇ ನಿಮ್ಮ ಬಲಹೊಟ್ಟೆಯನ್ನು ನೋಡಬೇಕಲ್ಲ, ಅದರ ಫೋಟೋ ತೆಗೆದು ಕಳಿಸಿ.

ನನಗೀಗ ಗಡಿಯಾರಗಳ ಹುಚ್ಚು ಸ್ವಲ್ಪ ಸ್ವಲ್ಪವೇ ಹತ್ತುತ್ತಿದೆ. ಅವರಿದ್ದಾಗ ಮೂಗು ಮುರಿಯುತ್ತಿದ್ದೆ. ಮೂವತ್ತೊಂದು ಗಡಿಯಾರ ಇರುವ ಮನೆಯಲ್ಲಿ ಸರಿಯಾದ ಸಮಯ ಗೊತ್ತಾಗಬೇಕಾದರೆ ಪಕ್ಕದ ಮನೆಯವರನ್ನು ಕೇಳಬೇಕಿತ್ತಲ್ಲ. ಅದರಲ್ಲೂ ಈ ಹತ್ತೊಂಬತ್ತನೆಯದು ದಿನಕ್ಕೆ ಒಂಬತ್ತು ನಿಮಿಷ ಹಿಂದೆ ಬೀಳುತ್ತದೆ. ಇವರು ದಿನಾ ಸಂಜೆ ನಾಲ್ಕಕ್ಕೆ ಸ್ಟೂಲು ಹತ್ತಿ ಮುಳ್ಳು ಸರಿ ಮಾಡುತ್ತಿದ್ದರು. ಈಗ ಅದನ್ನು ನಾನು ಮಾಡುತ್ತಿದ್ದೇನೆ. ಹತ್ತಿದಾಗಲೆಲ್ಲ ಬೇರೆಯವುಗಳ ಹಿಂಬದಿಯನ್ನೂ ಇಣುಕುತ್ತೇನೆ. ಮುಂದಿನಿಂದ ಠೀವಿಯಾಗಿ ಕಾಣುವ ಗಡಿಯಾರದ ಹಿಂದೆ ಎಷ್ಟೊಂದು ತೇಪೆ ಇರುತ್ತದೆ ಎಂದು ಈಗ ತಿಳಿಯಿತು. ಕೋಟಿನ ಒಳಬಟ್ಟೆ ಬಿಚ್ಚಿ ನೋಡಿದ ಹಾಗೆಯೇ.

ಪುಟ ಕಳಿಸುವುದನ್ನು ಮರೆಯಬೇಡಿ.

ಇತಿ,
ಹೊಲಿಗೆಯವಳು

*

ಏಪ್ರಿಲ್ ೨೦

ಅತ್ತಿಗೆಯವರಿಗೆ,

ಪುಟದ ನಕಲು ಇದರೊಂದಿಗಿದೆ. ನಮ್ಮ ಯಂತ್ರದಲ್ಲಿಯೇ ದೊಡ್ಡದಾಗಿ ತೆಗೆದಿದ್ದೇನೆ, ಮರದ ಗೆರೆಗಳೂ ಕಾಣುತ್ತವೆ. ಗಡಿಯಾರದ ಕೆಳಗೆ ಕೋಟು ತೊಟ್ಟು ನಿಂತಿರುವವನು ಯಾರೆಂದು ಗೊತ್ತಿಲ್ಲ. ಕಾರ್ಖಾನೆಯ ಮಾರಾಟದವನು ಇರಬೇಕು, ಜಾಹೀರಾತಿಗಾಗಿ ನಿಲ್ಲಿಸಿದ್ದಾರೆ.

ನನ್ನ ಗಡಿಯಾರದ ಫೋಟೋ ಕಳಿಸಲಾರೆ. ಅದು ಈಗ ಗೋಡೆಯ ಮೇಲಿಲ್ಲ.

ಯಂತ್ರ ಸರಿಯಿದ್ದೂ ಹಿಂದೆ ಬೀಳುತ್ತಿದ್ದರೆ ಅದರ ಒಳಗಿನ ತೆಳು ಸುರುಳಿ ಸೋತಿದೆ ಎಂದರ್ಥ. ಈಗ ಆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ನಾಲ್ಕಕ್ಕೆ ಸರಿಪಡಿಸುವುದೊಂದೇ ದಾರಿ. ಸ್ಟೂಲು ಗಟ್ಟಿಯಾಗಿದೆ ತಾನೆ? ಹಿಂದೆ ಅದರ ಒಂದು ಕಾಲು ಗಿಡ್ಡವಿತ್ತು.

ತಮ್ಮ,
ಅಚ್ಚುಕೂಟದವನು

*

ಮೇ ೨

ಅಚ್ಚುಕೂಟದವರಿಗೆ,

ಸ್ಟೂಲಿನ ಕಾಲಿಗೆ ಮಡಿಚಿದ ರಟ್ಟು ಇಟ್ಟಿದ್ದೇನೆ. ನೆನಪಿಟ್ಟುಕೊಂಡಿದ್ದೀರಿ, ಸಂತೋಷ.

ನಿಮ್ಮ ಪುಟವನ್ನು ಹತ್ತು ದಿನ ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಗುಂಡುಸೂಜಿ ಚುಚ್ಚಿ ಇಟ್ಟಿದ್ದೆ. ಗಡಿಯಾರವನ್ನು ನೋಡಿ ನೋಡಿ ಕಣ್ಣು ಬಿದ್ದುಹೋಯಿತು, ಏನೂ ಹೊಳೆಯಲಿಲ್ಲ. ಆದರೆ ಅದರ ಕೆಳಗೆ ನಿಂತವನ ಕೋಟು ಮಾತ್ರ ಮೊದಲ ದಿನದಿಂದಲೂ ನನಗೆ ಹಿಂಸೆ ಕೊಡುತ್ತಿತ್ತು. ಚೆನ್ನಾಗಿ ಹೊಲಿದ ಕೋಟು, ಭುಜ ಕೂತಿದೆ, ತೋಳಿನ ಉದ್ದ ಸರಿಯಾಗಿದೆ. ಆದರೂ ಯಾರೋ ಅವನ ಮೈಗೆ ಬೇರೆಯವರ ಕೋಟು ಹಾಕಿಸಿದ ಹಾಗೆ ಕಾಣುತ್ತಿತ್ತು. ನಿನ್ನೆ ಒಬ್ಬರ ಕೋಟಿಗೆ ಗುಂಡಿ ಹಾಕಲು ಕೂತಾಗ ಕೈ ಅಲ್ಲೇ ನಿಂತಿತು.

ಗಂಡಸರ ಕೋಟಿನಲ್ಲಿ ಎಡಗಡೆಯ ಭಾಗ ಬಲಗಡೆಯದರ ಮೇಲೆ ಬರುತ್ತದೆ. ಎದೆಯ ಜೇಬು ಎಡಕ್ಕೆ. ಹೆಂಗಸರದ್ದು ಇದಕ್ಕೆ ತಿರುವು. ಇದು ನಮ್ಮ ಕಸುಬಿನಲ್ಲಿ ಮೊದಲ ದಿನದ ಪಾಠ. ನಿಮ್ಮ ಚಿತ್ರದ ಮಾರಾಟದವನ ಕೋಟಿನಲ್ಲಿ ಬಲಭಾಗ ಮೇಲೆ ಬಂದಿದೆ, ಜೇಬೂ ಬಲಗಡೆ ಇದೆ. ಅವನು ಹೆಂಡತಿಯ ಕೋಟು ಹಾಕಿಕೊಂಡು ಕೆಲಸಕ್ಕೆ ಬಂದಿರಲಾರ. ಹೆಂಗಸರ ಕೋಟಿಗೆ ಆ ಭುಜ ಇರುವುದೂ ಇಲ್ಲ.

ನೆಗೆಟಿವ್ ತಿರುವಿಟ್ಟರೆ ಎಡ ಬಲವಾಗುತ್ತದೆ ಎಂದು ನೀವೇ ಬರೆದಿರಿ. ಯಾರೋ ಎಲ್ಲೋ ತಿರುವಿಟ್ಟರು ಅಂದಿರಿ. ತಿರುವಿಟ್ಟದ್ದು ನಿಮ್ಮ ಕ್ಯಾಟಲಾಗಿನಲ್ಲಿಯೇ, ಒಂಬತ್ತನೇ ಪುಟದಲ್ಲಿಯೇ. ಆ ದಿನ ಗೋಡೆಯ ಮೇಲಿದ್ದ ಗಡಿಯಾರಕ್ಕೆ ಹೊಟ್ಟೆ ಬಲಕ್ಕಿತ್ತು. ಇವರು ನಿಮಗೆ ಕೊಟ್ಟದ್ದಕ್ಕಿರುವ ಹಾಗೆ.

ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡುತ್ತೀರೆಂದು ಇವರು ನಿಮಗೆ ಅದೇ ಹೆಸರಿಟ್ಟಿದ್ದರು. ಭೂತಗನ್ನಡಿಯವರೇ, ಕೋಟಿನ ಗುಂಡಿ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?

ಇತಿ,
ಅತ್ತಿಗೆ

*

ಜೂನ್ ೧೧

ಅಚ್ಚುಕೂಟದವರಿಗೆ,

ಆರು ವಾರ ಕಳೆಯಿತು. ನಿಮ್ಮ ಸುದ್ದಿಯೇ ಇಲ್ಲ. ಗೆದ್ದ ಉತ್ಸಾಹದಲ್ಲಿ ನಾನು ನಾಲಿಗೆ ಸ್ವಲ್ಪ ಉದ್ದ ಬಿಟ್ಟಿರಬಹುದು. ಅಥವಾ ನಿಮ್ಮ ಆರೋಗ್ಯ ಸರಿಯಿಲ್ಲವೋ. ಎರಡರಲ್ಲಿ ಯಾವುದೆಂದು ಒಂದು ಸಾಲು ಬರೆದರೂ ಸಾಕು. ವಸ್ತುಸಂಗ್ರಹಾಲಯದಾಕೆ ಚೀಟಿ ಕೇಳುತ್ತಿದ್ದಾಳೆ.

ಅತ್ತಿಗೆ

*

ಜೂನ್ ೧೯

ಅತ್ತಿಗೆ,

ಆರೋಗ್ಯವಾಗಿದ್ದೇನೆ. ಮುಖ ತೋರಿಸುವ ಧೈರ್ಯ ಇರಲಿಲ್ಲ, ಕಾಗದದಲ್ಲಿ ಕೂಡ.

ನಿಮ್ಮ ಪತ್ರ ಬಂದ ದಿನ ಸುಮ್ಮನೆ ಹಠಕ್ಕೆ ಕ್ಯಾಟಲಾಗ್ ತೆಗೆದೆ. ಕೋಟಿನ ವಿಷಯದಲ್ಲಿ ನೀವು ತಪ್ಪಿರಬಹುದು, ಆ ಕಾಲದ ಫ್ಯಾಷನ್ ಹಾಗಿದ್ದಿರಬಹುದು ಎಂದು ತೋರಿಸಬೇಕಿತ್ತು. ಮಾರಾಟದ ಚಿತ್ರ ತೆಗೆಯುವಾಗ ಗಡಿಯಾರದ ಮುಳ್ಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಡುವುದು ರೂಢಿ, ಮುಖ ನಕ್ಕಂತೆ ಕಾಣಲಿ ಎಂದು. ಆ ಕ್ಯಾಟಲಾಗಿನಲ್ಲಿ ಹನ್ನೆರಡು ಗಡಿಯಾರಗಳಿವೆ. ಹನ್ನೊಂದರಲ್ಲಿ ಹತ್ತು ಹತ್ತು. ಒಂಬತ್ತನೇ ಪುಟದ್ದರಲ್ಲಿ ಎರಡಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹತ್ತು ಹತ್ತನ್ನು ಕನ್ನಡಿಯಲ್ಲಿ ನೋಡಿದರೆ ಎರಡಕ್ಕೆ ಹತ್ತು. ಮುಖದ ಮೇಲೆ ಅಂಕಿ ಇಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಯಾರಿಗೂ ಅಂದರೆ ನನಗೆ. ಇಡೀ ಊರಿನ ಅಚ್ಚಿನ ತಪ್ಪು ಹಿಡಿಯುವವನು ನಾನು.

ನೀವು ಹೇಳಿದ್ದು ಸರಿ. ಚಿತ್ರ ತಿರುವಿದೆ. ಅಸಲಿ ನನ್ನ ಹತ್ತಿರ ಇದ್ದದ್ದು.

ಇದ್ದದ್ದು ಎಂದೇ ಬರೆಯಬೇಕು. ಜಗಳವಾಡಿ ಬಂದ ಸಂಜೆ ಅದನ್ನು ಗೋಡೆಯಿಂದ ಕಿತ್ತು ಬಿಚ್ಚಿಹಾಕಿದೆ. ಯಂತ್ರ ಗುಜರಿಗೆ ಹೋಯಿತು. ಹಿತ್ತಾಳೆಯ ಗೂಟಗಳನ್ನು ಒಂದು ಪಟ್ಟಿಗೆ ಹೊಡೆಸಿ ಬಾಗಿಲ ಬಳಿ ಹಾಕಿದ್ದೇನೆ. ಕೆಲಸದವರು ಅದಕ್ಕೆ ಕೊಡೆ ನೇತುಹಾಕುತ್ತಾರೆ. ಹಲಗೆ ಹಿಂದಿನ ಕೋಣೆಯ ಕಪಾಟಿನಲ್ಲಿದೆ, ಅದರ ಮೇಲೆ ಶಾಯಿಯ ಡಬ್ಬಿಗಳು. ಹನ್ನೊಂದು ವರ್ಷ ದಿನಾ ಅದರ ಮುಂದೆ ಓಡಾಡಿದ್ದೇನೆ, ಪ್ರತಿ ಸಲವೂ ನಾನು ಮೋಸ ಹೋದವನು ಎಂಬ ಹೆಮ್ಮೆಯಿಂದ.

ಇನ್ನು ನಿಮ್ಮ ಚೀಟಿ. ನನ್ನದು ಅಸಲಿಯಾದರೆ, ನನ್ನ ಲೆಕ್ಕದ ಪ್ರಕಾರವೇ ನಿಮ್ಮದು ನಕಲಿಯಾಗಬೇಕು. ಅವನು ನನಗೆ ಅಸಲಿ ಕೊಟ್ಟು ನಕಲಿ ತಾನಿಟ್ಟುಕೊಂಡ. ತಿಳಿದು ಮಾಡಿದನೋ ತಿಳಿಯದೆಯೋ ಹೇಳಲಾರೆ. ತಿಳಿಯದೆ ಆಗಿದ್ದರೆ, ಆರಿಸುವಾಗ ತನಗೆ ಒಳ್ಳೆಯದೆಂದುಕೊಂಡಿದ್ದನ್ನೇ ಇಟ್ಟುಕೊಂಡಿರಬಹುದು. ಕ್ಷಮಿಸಿ, ಈ ಅನುಮಾನ ಪೂರ್ತಿ ಹೋಗಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಬಾರದೆಂದು ಬರೆದೆ.

ಭೂತಗನ್ನಡಿ

*

ಜುಲೈ ೧

ಭೂತಗನ್ನಡಿಯವರಿಗೆ,

ನಿಮ್ಮ ಪತ್ರ ಓದಿ ಮೊದಲು ಕೊಡೆಗಳ ಮಾತಿಗೆ ನಗು ಬಂತು. ಆಮೇಲೆ ಸಿಟ್ಟು ಬಂತು. ಆಮೇಲೆ ನಿಮ್ಮ ಕೊನೆಯ ನಾಲ್ಕು ಸಾಲು ನನ್ನನ್ನು ಮಲಗಗೊಡಲಿಲ್ಲ. ಏಕೆಂದರೆ ನಾನೂ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ.

ಹತ್ತೊಂಬತ್ತನೆಯದರ ಎದುರಿಗೆ ಖಾಲಿ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಅಲ್ಲಿ ಮೂರು ಸಾಲು ಇವರೇ ಬರೆದು ಹೊಡೆದುಹಾಕಿದ್ದಾರೆ. ಬೆಳಕಿಗೆ ಹಿಡಿದರೆ ಓದಬಹುದು. 'ಅವನು ಹೇಳಿದ್ದು ನಿಜ ಇರಬಹುದು. ಚಿತ್ರದಲ್ಲಿ ಎಡಕ್ಕೇ ಇದೆ. ಯಾವ ಮುಖ ಹೊತ್ತು ಹೋಗಲಿ.' ಅದರ ಕೆಳಗೆ ದಿನಾಂಕ, ನಿಮ್ಮ ಜಗಳದ ಮಾರನೆಯ ವಾರದ್ದು. ಇದನ್ನು ಓದಿಯೇ ನಾನು ಮಾರ್ಚಿನಲ್ಲಿ ನಿಮಗೆ ಬರೆದದ್ದು. ತಪ್ಪೊಪ್ಪಿಗೆಯ ಹಾಗೆ ಕಂಡಿತ್ತು, ಅದಕ್ಕೇ ನಿಮಗೆ ತಿಳಿಸಲಿಲ್ಲ. ಈಗ ಬೇರೆ ಥರ ಕಾಣುತ್ತಿದೆ. ಮೊದಲೇ ಗೊತ್ತಿದ್ದವನು 'ಇರಬಹುದು' ಎಂದು ಯಾಕೆ ಬರೆಯುತ್ತಾನೆ? ನೀವು ಹೇಳಿದ ಮೇಲೆ ಇವರೂ ಕ್ಯಾಟಲಾಗನ್ನು ನಂಬಿದರು, ನಕಲಿಯನ್ನು ನಿಮಗೆ ಕೊಟ್ಟುಬಿಟ್ಟೆನೆಂದು ನಾಚಿಕೆಯಿಂದ ಕುಗ್ಗಿಹೋದರು. ಬಾಯಿ ಬಿಡದೆ ಇದ್ದದ್ದು ಅದಕ್ಕೆ.

ಆದರೂ ನಿಮ್ಮ ಅನುಮಾನ ಅನುಮಾನವೇ. ಅದಕ್ಕೆ ಕಳೆದ ಭಾನುವಾರ ಹಗಲು ಹೊತ್ತಿನಲ್ಲಿ ಹತ್ತೊಂಬತ್ತನ್ನು ಇಳಿಸಿ, ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿಸಿದೆ. ನಕಲಿಯಾದರೆ ಎಲ್ಲಾದರೂ ನಕಲಿತನ ಕಾಣಬೇಕಲ್ಲ. ಅದೇ ತಿರುಪು, ಅದೇ ಅಂಟು, ಅದೇ ಮೆರುಗು. ಒಂದೇ ಒಂದು ವಿಚಿತ್ರ ಕಂಡಿತು. ಬಲಗಡೆಯ ನೇರ ಅಂಚಿನಲ್ಲಿ, ಮೇಲಿನಿಂದ ನಾಲ್ಕು ಬೆರಳು ಕೆಳಗೆ, ಮರದ ಗಂಟೊಂದಿದೆ. ಗಂಟಿನ ಅರ್ಧ ಮಾತ್ರ. ಇನ್ನರ್ಧವನ್ನು ಗರಗಸ ತೆಗೆದುಕೊಂಡು ಹೋಗಿದೆ.

ಆ ಅರ್ಧ ಗಂಟು ನೋಡುತ್ತಾ ನನಗೆ ತೋಳು ಕತ್ತರಿಸುವುದು ನೆನಪಾಯಿತು. ಅಂಗಿಗೆ ಎಡದ ತೋಳು ಬೇಕು, ಬಲದ ತೋಳೂ ಬೇಕು. ಕಾಗದದ ನಮೂನೆ ಮಾತ್ರ ಒಂದೇ. ಅದನ್ನು ಒಂದು ಸಲ ಹೀಗಿಟ್ಟು ಕತ್ತರಿಸುತ್ತೇವೆ, ಮಗುಚಿ ಇಟ್ಟು ಇನ್ನೊಂದು ಕತ್ತರಿಸುತ್ತೇವೆ. ನೇರ ಅಂಚಿಗೆ ನೇರ ಅಂಚು ತಾಗಿಸಿಟ್ಟರೆ ಒಂದೇ ಕತ್ತರಿಗೆ ಎರಡೂ ಬೇರೆಯಾಗುತ್ತವೆ, ಬಟ್ಟೆ ಉಳಿಯುತ್ತದೆ. ಹಲಗೆಗೂ ಬಟ್ಟೆಯ ಹಾಗೆ ಒಳಮೈ ಹೊರಮೈ ಇದೆ, ತೇಗದ ಪದರ ಒಂದೇ ಕಡೆಗೆ. ನಮೂನೆ ಮಗುಚಿದರೆ ಹೊಟ್ಟೆ ಇನ್ನೊಂದು ಕಡೆಗೆ ಬರಲೇಬೇಕು. ನಾನು ಕಂದು ಕಾಗದದಲ್ಲಿ ಹಲಗೆಯ ಆಕಾರ ತೆಗೆದು ಹಳೇ ಚಾದರದ ಮೇಲೆ ಇಟ್ಟು ನೋಡಿದೆ. ಎಲ್ಲಾ ಒಂದೇ ಮುಖವಾಗಿ ಇಟ್ಟರೆ ಐದು ಬರುತ್ತವೆ. ಒಂದು ಬಿಟ್ಟು ಒಂದು ಮಗುಚಿಟ್ಟರೆ ಎಂಟು.

ಕಾರ್ಖಾನೆಯಲ್ಲಿ ಮರ ಕತ್ತರಿಸುತ್ತಿದ್ದವರಿಗೆ ಶಿಲ್ಪಿ ಮಹಾಶಯನ ಚಿತ್ರ ಎಷ್ಟು ಮುಖ್ಯವೋ, ಹಲಗೆ ಹಾಳಾಗದಿರುವುದೂ ಅಷ್ಟೇ ಮುಖ್ಯ. ನನಗೆ ಅವರ ಕೈ ಚೆನ್ನಾಗಿ ಅರ್ಥವಾಗುತ್ತದೆ. ನಾನಾಗಿದ್ದರೂ ಹಾಗೇ ಕತ್ತರಿಸುತ್ತಿದ್ದೆ. ನಿಮ್ಮಿಬ್ಬರಿಗೆ ಹೊಳೆಯಲಿಲ್ಲ ಅನ್ನುವುದೇ ಆಶ್ಚರ್ಯ. ನೀವು ದಿನಾ ತಿರುವು ಅಕ್ಷರ ಜೋಡಿಸುವವರು. ಇವರಂತೂ ಜೀವಮಾನವಿಡೀ ಎಡಗಣ್ಣಿಗೊಂದು ಬಲಗಣ್ಣಿಗೊಂದು ಗಾಜು ಉಜ್ಜಿ, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದವರು.

ಅಂದರೆ ನನ್ನ ಅನುಮಾನ ಹೀಗಿದೆ: ಎರಡೂ ಅಸಲಿ. ಒಂದೇ ಹಲಗೆಯ ಅಕ್ಕ ತಂಗಿ. ಊಹೆ ಊಹೆಯಾಗಿಯೇ ಉಳಿಯಬಾರದು ಎಂದು ನನ್ನ ಹಲಗೆಯ ನೇರ ಅಂಚಿನ ಮೇಲೆ ತೆಳು ಕಾಗದ ಹಾಸಿ, ಪೆನ್ಸಿಲ್ ಉಜ್ಜಿ, ಗೆರೆಗಳನ್ನು ಎತ್ತಿದ್ದೇನೆ. ಇದರ ಜೊತೆಗಿದೆ. ನಿಮ್ಮ ಶಾಯಿ ಡಬ್ಬಿಗಳನ್ನು ಕೆಳಗಿಳಿಸಿ, ಆ ಹಲಗೆಯ ನೇರ ಅಂಚಿಗೆ ಇದನ್ನು ತಾಗಿಸಿ ನೋಡಿ.

ಇನ್ನೊಂದು. ಯಂತ್ರ ಅಲುಗಾಡದಿರಲಿ ಎಂದು ಇವರು ಅದರ ಕೆಳಗೆ ದಪ್ಪ ಕಾಗದದ ಚೂರೊಂದನ್ನು ಅಂಟಿಸುತ್ತಿದ್ದರು. ಹಾಗೆ ಅಂಟಿಸುವ ಮೊದಲು ಮರದ ಮೇಲೆ ಪೆನ್ಸಿಲಿನಲ್ಲಿ ದಿನಾಂಕ ಹಾಕಿ, ಗಡಿಯಾರ ಮುಂದೆ ಓಡುತ್ತದೋ ಹಿಂದೆ ಬೀಳುತ್ತದೋ ಬರೆದಿಡುವುದು ಅವರ ಚಾಳಿ. ನನಗಿದು ಈಗ ಬಿಚ್ಚಿದಾಗಲೇ ಗೊತ್ತಾಯಿತು. ಹತ್ತೊಂಬತ್ತರಲ್ಲಿ ಹೀಗಿದೆ: 'ದಿನಕ್ಕೆ ಒಂಬತ್ತು ನಿಮಿಷ ಹಿಂದೆ. ಏನು ಮಾಡಿದರೂ ಬಗ್ಗುತ್ತಿಲ್ಲ. ಇದು ಮನೆಗೆ.' ದಿನಾಂಕ, ನಿಮ್ಮ ಹೊಸ ಕಟ್ಟಡದ ದಿನಕ್ಕೆ ಮೂರು ದಿನ ಹಿಂದಿನದು.

ನಿಮ್ಮದರಲ್ಲಿ ಆ ಕಾಗದದ ಚೂರು ಇನ್ನೂ ಇದೆಯೇ?

ಅತ್ತಿಗೆ

*

ಜುಲೈ ೯

ಅತ್ತಿಗೆ,

ನಿಮ್ಮ ಲಕೋಟೆ ಬೆಳಿಗ್ಗೆ ಬಂತು. ಕೆಲಸದವರಿಗೆ ಯಂತ್ರ ನಿಲ್ಲಿಸಲು ಹೇಳಿ ಹಿಂದಿನ ಕೋಣೆಗೆ ಹೋದೆ. ಇಪ್ಪತ್ತಮೂರು ಡಬ್ಬಿಗಳನ್ನು ಇಳಿಸಿದೆ. ಹಲಗೆಯ ಮುಖದ ತುಂಬ ಕರಿ, ಕೆಂಪು, ನೀಲಿ ಬಳೆಗಳು. ಸೀಮೆಎಣ್ಣೆ ಹಾಕಿ ಅಂಚನ್ನು ಒರೆಸಿದೆ.

ಎಡಗಡೆಯ ನೇರ ಅಂಚಿನಲ್ಲಿ, ಮೇಲಿನಿಂದ ನಾಲ್ಕು ಬೆರಳು ಕೆಳಗೆ, ಅರ್ಧ ಗಂಟು ಇದೆ.

ನಿಮ್ಮ ಕಾಗದ ತಾಗಿಸಿದೆ. ಗರಗಸ ತಿಂದ ಕೂದಲೆಳೆಯಷ್ಟು ಜಾಗ ಬಿಟ್ಟರೆ ಗೆರೆಗೆ ಗೆರೆ ಕೂಡಿತು. ಗಂಟು ಪೂರ್ತಿಯಾಯಿತು. ಭೂತಗನ್ನಡಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ನಲವತ್ತೊಂದು ಗೆರೆ ಎಣಿಸಿದೆ, ಒಂದೂ ತಪ್ಪಿಲ್ಲ. ನಮ್ಮ ಅಕ್ಷರ ಜೋಡಿಸುವಾಕೆ ಬಂದು ಇದೇನೆಂದು ಕೇಳಿದಳು. ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟೆ.

ಕಾಗದದ ಚೂರು ಇತ್ತು. ಆ ಸಂಜೆ ಯಂತ್ರವನ್ನು ಇಕ್ಕಳದಿಂದ ಕಿತ್ತವನು ಅದನ್ನು ಮಾತ್ರ ಹಾಗೇ ಬಿಟ್ಟಿದ್ದೆ. ತೆಳುವಾದ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಿದೆ. ಅಡಿಯಲ್ಲಿ ಅವನ ಕೈಬರಹ. ಅವನು ಬರೆದದ್ದನ್ನು ಹಾಗೇ ಬರೆಯುತ್ತೇನೆ:

'ಎಂಟು ದಿನ ನೋಡಿದೆ. ಅರ್ಧ ನಿಮಿಷವೂ ತಪ್ಪಿಲ್ಲ. ಎರಡರಲ್ಲಿ ಇದೇ ಒಳ್ಳೇದು. ಭೂತಗನ್ನಡಿಗೆ.'

ಅತ್ತಿಗೆ, ಅವನು ಆರಿಸಿದ್ದು ನಿಜ. ಹೇಗೆ ಆರಿಸಿದ ಎಂದು ಅವನೇ ಬರೆದು ನನ್ನ ಕೈಗೇ ಕೊಟ್ಟಿದ್ದ. ಹನ್ನೊಂದು ವರ್ಷ ಅದು ನನ್ನ ಡಬ್ಬಿಗಳ ಕೆಳಗಿತ್ತು. ಅವನು ದಿನಾ ಸ್ಟೂಲು ಹತ್ತಿ ಒಂಬತ್ತು ನಿಮಿಷ ಮುಂದೆ ತಳ್ಳುತ್ತಿದ್ದ, ನನಗೆ ಸರಿಯಾದ ಸಮಯ ಸಿಗಲಿ ಎಂದು. ನಾನು ಆ ಸಮಯವನ್ನು ಗುಜರಿಗೆ ಹಾಕಿದೆ. ನನ್ನಿಂದ ದೊಡ್ಡ ತಪ್ಪಾಯಿತು. ಅವನ ಮುಂದೆ ಹೇಳಬೇಕಾದ ಮಾತು ಇದು, ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅವನು ತೀರಿಕೊಂಡ ದಿನ ನಾನು ಬಂದಿದ್ದೆ. ನಿಮ್ಮ ಬೀದಿಯ ಮೂಲೆಯ ಔಷಧಿ ಅಂಗಡಿಯವರೆಗೆ. ಅಲ್ಲಿಂದ ನಿಮ್ಮ ಹಜಾರದ ಕಿಟಕಿ ಕಾಣುತ್ತದೆ, ಒಳಗಿನ ಗೋಡೆಯೂ ಕಾಣುತ್ತದೆ. ಹತ್ತೊಂಬತ್ತು ಅಲ್ಲೇ ಇತ್ತು. ಅದನ್ನು ನೋಡಿ ಹಿಂದಿರುಗಿದೆ.

ಹಲಗೆಯನ್ನು ಏನು ಮಾಡಲಿ, ಹೇಳಿ.

ನಿಮ್ಮ ಮೈದುನ,
ಭೂತಗನ್ನಡಿ

*

ಜುಲೈ ೧೩

ಮೈದುನರಿಗೆ,

ನಿಮ್ಮ ಕಾಗದವನ್ನು ಓದಿ, ಮಡಿಚಿ, ಮತ್ತೆ ಬಿಚ್ಚಿ ಓದಿದೆ. ಆಮೇಲೆ ಅವರ ಫೋಟೋದ ಎದುರು ನಿಂತು ಗಟ್ಟಿಯಾಗಿ ಬೈದೆ. ಇಷ್ಟು ದೊಡ್ಡ ಮಾತನ್ನು ಹಲಗೆಗೆ ಬರೆಯುವ ಬದಲು ಮನುಷ್ಯನಿಗೆ ಹೇಳಬಾರದಿತ್ತೇ ಎಂದು ಕೇಳಿದೆ. ಬೈದ ಮೇಲೆ ಅತ್ತೆ, ಒಂಬತ್ತು ತಿಂಗಳಿನಿಂದ ಬಾಕಿ ಇತ್ತು. ಈಗ ಹಗುರವಾಗಿದೆ.

ವಸ್ತುಸಂಗ್ರಹಾಲಯದಾಕೆಗೆ ಮೂವತ್ತು ಚೀಟಿ ಕೊಟ್ಟೆ. ಹತ್ತೊಂಬತ್ತನೆಯ ಗಡಿಯಾರವನ್ನು ಕೊಡುವುದಿಲ್ಲ ಎಂದೆ. ಆಕೆ ಕಾರಣ ಕೇಳಿದಳು. ಅದರ ಇನ್ನರ್ಧ ಶಾಯಿ ಡಬ್ಬಿಗಳ ಅಡಿಯಲ್ಲಿ ಸಿಕ್ಕಿದೆ ಎಂದರೆ ನಂಬಲಿಲ್ಲ, ಇದನ್ನು ವಿವರವಾಗಿ ಬರೆದುಕೊಡಿ ಎಂದು ಗಂಟುಬಿದ್ದಿದ್ದಾಳೆ. ತಿರುವಿದ ಚಿತ್ರದ ವಿಷಯ ನೀವು ಬರೆಯಿರಿ, ಕತ್ತರಿಸಿದ ವಿಷಯ ನಾನು ಬರೆಯುತ್ತೇನೆ. ಚೀಟಿ ಮಾತ್ರ ಬರೆದಾಗಿದೆ, ನೋಟುಪುಸ್ತಕದ ಖಾಲಿ ಜಾಗದಲ್ಲಿಯೂ ಅದನ್ನೇ ಬರೆದೆ: 'ವಿನ್ಯಾಸ ಶಿಲ್ಪಿಯದು ಎಂದು ಹೇಳುತ್ತಾರೆ. ಕತ್ತರಿಸಿದವರು ಯಾರೋ ತಿಳಿಯದು, ಕಸುಬು ಬಲ್ಲವರು. ಜೋಡಿ.'

ಹಲಗೆ ಏನು ಮಾಡಲಿ ಎಂದು ಕೇಳಿದಿರಿ. ಬಟ್ಟೆಯಲ್ಲಿ ಸುತ್ತಿ ಇಲ್ಲಿಗೆ ತನ್ನಿ. ಶಾಯಿಯ ಬಳೆಗಳನ್ನು ಉಜ್ಜಬೇಡಿ, ಇರಲಿ. ಗೂಟಗಳನ್ನು ಬಿಚ್ಚುವ ಮೊದಲು ನಿಮ್ಮ ಕೆಲಸದವರ ಕೊಡೆಗೆ ಬೇರೆ ಏರ್ಪಾಡು ಮಾಡಿ, ಪಾಪ. ಯಂತ್ರ ಇಲ್ಲದಿದ್ದರೆ ಚಿಂತೆಯಿಲ್ಲ. ಒಂದು ನಡೆಯುತ್ತಿರುತ್ತದೆ, ಇನ್ನೊಂದು ಅದರ ಪಕ್ಕದಲ್ಲಿರುತ್ತದೆ.

ಸ್ಟೂಲು ಹತ್ತುವುದು ನನಗೂ ಇತ್ತೀಚೆಗೆ ಕಷ್ಟ. ಭಾನುವಾರ ಬಂದುಬಿಡಿ, ಇನ್ನು ಮೇಲೆ ಭಾನುವಾರದ್ದು ನಿಮ್ಮ ಪಾಲಿನ ಕೆಲಸ. ಸರಿಯಾಗಿ ನಾಲ್ಕಕ್ಕೆ ಬಾಗಿಲು ತಟ್ಟಿ. ನಮ್ಮ ಗಡಿಯಾರದಲ್ಲಿ ಆಗ ನಾಲ್ಕಕ್ಕೆ ಇನ್ನೂ ಒಂಬತ್ತು ನಿಮಿಷ ಇರುತ್ತದೆ, ತಡವಾಗಿ ಬಂದೆನೆಂದು ನೀವು ಅಂದುಕೊಳ್ಳಬೇಕಿಲ್ಲ.

ಇನ್ನರ್ಧ ಲೋಟ ಇಟ್ಟಿರುತ್ತೇನೆ.

ನಿಮ್ಮ ಅತ್ತಿಗೆ